ಕುಂಚಿಗಿ ಸಮೇತ

ಬರಿಮೈಲೆ ಯಾ ಕೂಸೂ ನೀರಿಗಿ ಬೀಳಂಗಿಲ್ಲ,
ಅಂದ್ಲು ಫಕ್ಕೀರವ್ವ.
ಅಂಗಿ ಹಾಕು, ಚಡ್ಡಿ ಹಾಕು,
ಕಾಲಾಗಿನ ಗೆಜ್ಜಿ ಇರ್ಲಿ, ತಗೀಬ್ಯಾಡ,
ಕುಂಚಿಗಿನೂ ಕಟ್ಟು.
ಬೀಳೂ ದಿನ ಯಾರೂ ಬಿಚ್ಚಿ ಕಳಸೂದಿಲ್ಲ.

ಕಟ್ಟಿದೆ.
ಅವ್ವ ತನ್ನ ಇಳಕಲ್ ಸೀರಿ ಹರದು ಹೊಲಿದ ಕುಂಚಿಗಿ,
ಕನ್ನಡಿ ಬಿಲ್ಲಿ, ಹಿಂದ ಜೋತಾಡೂ ಕೆಂಪು ಕುಚ್ಚು.
ಹನ್ನೊಂದು ತಿಂಗಳ ಶಾಂಭವಿ
ಯಾರದೋ ಮದುವಿಗಿ ಹೊಂಟಂಗ ನಕ್ಕಳು.

ಈ ಓಣ್ಯಾಗ ಫಕ್ಕೀರವ್ವನ ಕಾಲ ಮ್ಯಾಲ ಮಲಗದ ಕೂಸಿಲ್ಲ.
ಕಾಲು ಚಾಚಿ ಕುಂತಳಂದ್ರ ಅದ ತೊಟ್ಲ, ಅದ ಬಚ್ಚಲ.
ಎಣ್ಣಿ, ಕಡ್ಲಿಹಿಟ್ಟು,
ಹಂಡೇದಾಗಿನ ಬಿಸಿನೀರು ತಂಬಗಿ ತುಂಬ ನೆತ್ತಿಗಿ.
ಸುರಿಯೂ ಮೊದಲ ಒಮ್ಮೆ "ಹೂಂ" ಅಂತಾಳ.
ಎರಡನೇ ವಾರಕ್ಕ ಕೂಸು
ಆ "ಹೂಂ" ಕೇಳಿದ ಕೂಡ್ಲೆ ಉಸಿರು ಹಿಡೀತೈತಿ.
ಇಪ್ಪತ್ತೆಂಟು ವರ್ಷ ಎರದೇನಿ, ಅಂತಾಳ,
ಇದೂ ಒಂದು ವಿದ್ಯಾ ಅಂತ ತಿಳದದ್ದು ಆಚಿವರ್ಷ.

ಆಚಿವರ್ಷ ಅಂದ್ರ ಕಳಕೇಶ.
ಮಗಳ ಮಗ. ಎರಡು ವರ್ಷ ನಾಕು ತಿಂಗಳು.
ಎಲ್ಲಾರೂ ಹೊಲಕ್ಕ ಸುಲಗಾಯಿ ತಿನ್ನಾಕ ಹೋಗಿದ್ರು.
ಕಪ್ಪತಗುಡ್ಡದ ಮ್ಯಾಲ ಗಾಳಿ ಫ್ಯಾನು ತಿರಗತಿದ್ದು.
ಕೃಷಿಹೊಂಡದ ಕರೀ ಪ್ಲಾಸ್ಟಿಕ್ಕು
ಮೈ ತೊಳದ ಎಮ್ಮಿಯಂಗ ಮಿಂಚತಿತ್ತು.
ಬೇಲಿ, ಮುಂದಿನ ವಾರ ಹಾಕೋರಿದ್ರು.

ಸಪ್ಪಳ ಆಗಲಿಲ್ಲ.
ಇದನ್ನ ಆಕಿ ಎಲ್ಲಾ ತಾಯಂದ್ರಿಗೂ ಮೂರು ಸರ್ತಿ ಹೇಳ್ತಾಳ.
ಮುಳುಗೂ ಕೂಸು ಅಳಂಗಿಲ್ಲ, ಕರಿಯಂಗಿಲ್ಲ.
ಅರ್ಧ ರೊಟ್ಟಿ ತಿನ್ನೂ ಹೊತ್ತು, ಅಷ್ಟ.
ಪ್ಲಾಸ್ಟಿಕ್ಕಿಗಿ ಪಾಚಿ ಹತ್ತಿತ್ತು,
ಇಳದ ಸ್ವಾದರಮಾವಗೂ ಹತ್ತಾಕ ಬರಲಿಲ್ಲ,
ಸೀರಿ ಬಿಟ್ಟು ಎಳದ್ರು.
ಅಂವಗ ಉಸಿರು ಹಿಡಿಯೂದು ಬರತಿತ್ತು, ಅಂತಾಳ.
ಮಗ್ಗಲಾಗೂದು ಬರತಿರಲಿಲ್ಲ.

ಆಮ್ಯಾಲ ಒಂಬತ್ತು ಐತವಾರ ಹುಬ್ಬಳ್ಳಿ ಬಸ್ಸು.
ಈಜುಕೊಳದ ಮೆಟ್ಲಿಗಿ ಎಲಿಚೀಲ ಹಿಡಕೊಂಡು ಕುಂತು
ನೋಡಿದ್ದ ನೋಡಿದ್ದು.
ಡಾಕ್ಟರ ಮಕ್ಕಳಿಗಿ ಕಲಸೂ ಮೆಹರುನ್ನೀಸಾ ಟೀಚರು
ಹತ್ತನೇ ವಾರ ತಾವ ಬಂದು ಕೇಳಿದ್ರಂತ:
ಆಯಿ, ಇದ್ರಾಗ ನಿಮ್ಮ ಕೂಸು ಯಾವುದು?
ನೀ ಏನಂದಿ, ಅಂತ ಕೇಳಿದ್ರ
ಫಕ್ಕೀರವ್ವ ಅಡಕಿ ಕತ್ತರಸ್ತಾಳ.

ಮಠಪತಿಯವರ ಹಿತ್ತಲದ ಸಿಮೆಂಟ್ ಟಾಕಿ,
ಆಕೀಗಿ ಎದಿಮಟ. ಬಿಸಿಲಿಗಿ ಕಾದ ನೀರು.
ಮೊದಲ ವಾರ ನೆತ್ತಿ ಕೆಳಗ ಅಂಗೈ.
ಆಮ್ಯಾಲ ಎರಡು ಬೆರಳು.
ಇವತ್ತು ಒಂದೂ ಇಲ್ಲ.
ನೀ ದಂಡಿಗಿ ನಿಲ್ಲು, ಅಂದ್ಲು ನನಗ,
ಕೈ ಹಿಂದ ಕಟ್ಟು.

"ಹೂಂ" ಅನ್ನಲಿಲ್ಲ.
ಹೊಂಡ ಹೇಳಿ ಎಳಕೊಂತೈತೇನು?
ಬಿಟ್ಲು.

ಗಾಳಿ ತುಂಬಿ ಕುಂಚಿಗಿ ಮೊದಲ ಉಬ್ಬಿತು,
ಆಮ್ಯಾಲ ನೀರು ಕುಡದು ವಜ್ಜಿ ಆತು.
ನನ್ನ ಮಗಳ ಮಾರಿ ಕೆಳಗ.
ಬಾಜೂ ಮನ್ಯಾಗ ಯಾರೋ ಖಾರ ಕುಟ್ಟತಿದ್ರು,
ಆ ಒನಕಿ ಸಪ್ಪಳಕ್ಕ ಎಣಿಸಿದೆ.
ಒಂದು.
ಎರಡು.
ಬೆನ್ನ ಹಿಂದ ನನ್ನ ಕೈ ಒಂದನ್ನೊಂದು ಚಿವುಟತಿದ್ದು.
ಮೂರು ಬೀಳೂದ್ರಾಗ
ಒಂದು ಹೆಗಲು ಎದ್ದಿತು,
ಗೆಜ್ಜಿಕಾಲು ನೀರಿಗಿ ಒದ್ದಿತು,
ಹಂಚಿನ ಮ್ಯಾಲ ರೊಟ್ಟಿ ತಿರುವಿದಂಗ
ತಾನ ತಿರುವಿಕೊಂಡು
ಮಾರಿ ಮುಗಿಲಿಗಿ.

ಮೊದಲ ಉಸಿರು.
ಆಮ್ಯಾಲ ಚೀರಾಟ, ಓಣಿ ತುಂಬ.
ಚೀರಲಿ ಬಿಡು, ಅಂದ್ಲು ಫಕ್ಕೀರವ್ವ, ಇನ್ನೂ ಮುಟ್ಟದ,
ಚೀರಾಕೂ ಉಸಿರು ಬೇಕು.
ಆಮ್ಯಾಲ ನನ್ನ ಕಡೆ ತಿರಗಿ:
ಕಲತೈತಿ ಅಂತ ಕಣ್ಣು ತಗದಿ, ನೋಡು.
ಬೇಲಿ ಬೇಲೀನ, ಕಣ್ಣು ಕಣ್ಣ.
ಇದು ಅರ್ಧ ರೊಟ್ಟಿ ಹೊತ್ತು ಗಳಿಸಿ ಕೊಡತೈತಿ, ಅಷ್ಟ.
ನಾಳೆ ನೀ ಇಳೀಬೇಕು. ಸೀರಿ ಸಮೇತ.

ಕೂಸು ಎದಿಗಿ ಹಚ್ಚಿಕೊಂಡು ಕುಂಚಿಗಿ ಹಿಂಡಿದೆ.
ಕುಚ್ಚಿನ ಬಣ್ಣ ಬಿಟ್ಟು ನೀರು ಕೆಂಪಾಗಿ ಹರೀತು.
ಆಕಿ ಟಾಕ್ಯಾಗ ಒಬ್ಬಾಕೀನ ನಿಂತಿದ್ಲು,
ಎರಡೂ ಅಂಗೈ ನೀರ ಮ್ಯಾಲ ಅಂಗಾತ,
ಏನೋ ಇಟ್ಟುಕೊಂಡವರಂಗ.

ಅಗಸಿ ದಾಟೂ ಮುಂದ ಕೇಳಿದೆ, ಮೆಲ್ಲಕ,
"ಹೂಂ."